ಜೀಪು ಬಂದ ಮನೆಗಳು

ಒಂದು ಮಳೆಗಾಲ ಮುಗಿದು ಮುಂದಿನ ಮಳೆ ಹಿಡಿಯುವವರೆಗೆ ನಾನು ನನ್ನ ಸ್ವಂತ ತಮ್ಮನನ್ನು ‘ಸಾರ್’ ಎಂದು ಕರೆದೆ. ಆಫೀಸಿನ ಪದ್ಧತಿ ಅದು. ಜೀಪು ಓಡಿಸುವವನು ಜೀಪಿನಲ್ಲಿ ಕೂತು ಹೋಗುವವನನ್ನು ಸಾರ್ ಎನ್ನಬೇಕು. ಚಿಕ್ಕಂದಿನಲ್ಲಿ ನನ್ನ ಹೆಗಲ ಮೇಲೆ ಕೂತು ಚಂದ್ರಗಿರಿ ಹೊಳೆಯ ಕಡವಿನಲ್ಲಿ ದೋಣಿ ನೋಡಲಿಕ್ಕೆ ಬರುತ್ತಿದ್ದ ಹುಡುಗ ಅವನು. ನನ್ನ ಬಾಯಲ್ಲಿ ಆ ಶಬ್ದ ಕೇಳಿದಾಗಲೆಲ್ಲ ಮುಖವನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದ. ನನಗೆ ಮಾತ್ರ ಅದರಲ್ಲಿ ಸುಖವಿತ್ತು. ಹಾಗೆ ಕರೆಯುವ ದಿನ ಬರಲೆಂದೇ ಅಷ್ಟು ವರ್ಷ ಸ್ಟಿಯರಿಂಗ್ ತಿರುಗಿಸಿದ್ದೆ.

ನಮ್ಮದು ಕಾಸರಗೋಡಿನ ಕಡೆ. ನಾನು ಎಂಟನೇ ಕ್ಲಾಸಿನಲ್ಲಿರುವಾಗ ಅಪ್ಪ ತೀರಿಕೊಂಡರು, ಶಾಲೆ ಅಲ್ಲಿಗೆ ನಿಂತಿತು. ಲಾರಿಯಲ್ಲಿ ಕ್ಲೀನರ್ ಆಗಿ ಕೊಚ್ಚಿ ಹಾರ್ಬರಿಗೆ ಬಂದೆ, ಲೈಸೆನ್ಸ್ ಮಾಡಿಸಿಕೊಂಡೆ, ಕೊನೆಗೆ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಡ್ರೈವರ್ ಕೆಲಸ ಸಿಕ್ಕಿತು. ಯಾರ ಶಿಫಾರಸೂ ಇರಲಿಲ್ಲ. ಅಲ್ಲಿನ ಆಫೀಸರರು ಹಿಂದಿನ ಸೀಟಿನಲ್ಲಿ ಕೂತು ಗಾಡಿ ಓಡಿಸು ಎಂದರು, ಓಡಿಸಿದೆ. ಇಳಿಯುವಾಗ ನಾಳೆಯಿಂದ ಬಾ ಎಂದರು. ನನ್ನ ಗಾಡಿ ದಾರಿಯಲ್ಲಿ ನಿಂತದ್ದನ್ನು ಕಂಡವರು ಕಡಿಮೆ. ಇದನ್ನು ಜಂಬವೆಂದು ಎಣಿಸುವವರು ಎಣಿಸಲಿ.

ತಮ್ಮನನ್ನು ಕರೆಸಿಕೊಂಡು ಎರ್ನಾಕುಳದ ಕಾಲೇಜಿಗೆ ಸೇರಿಸಿದ್ದು ಅರವತ್ತರ ದಶಕದ ನಡುವಿನಲ್ಲಿ. ಆಗ ನನಗೆ ಮದುವೆಯಾಗಿತ್ತು. ತ್ರಿಪ್ಪುಣಿತ್ತುರದಲ್ಲಿ ಒಂದು ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದಿದ್ದೆವು. ಅವನು ಬಿ.ಎಸ್ಸಿ., ರಸಾಯನಶಾಸ್ತ್ರ. ಒಂದು ಸಂಜೆ ಕಾಲೇಜಿನಿಂದ ಕಾಗದದಲ್ಲಿ ಸುತ್ತಿದ ಒಂದು ಸಣ್ಣ ಸೀಸೆ ತಂದ. ಅತ್ತಿಗೆಯ ಎಲೆಯಡಿಕೆ ಡಬ್ಬಿಯಿಂದ ಒಂದಿಷ್ಟು ಸುಣ್ಣ ತೆಗೆದು ಲೋಟದ ನೀರಿನಲ್ಲಿ ಕಲಕಿ, ತಿಳಿಯಾಗಲು ಬಿಟ್ಟು, ಆ ತಿಳಿನೀರಿಗೆ ಸೀಸೆಯಿಂದ ಒಂದು ಹನಿ ಬಿಟ್ಟ. ಲೋಟದ ನೀರೆಲ್ಲ ಗುಲಾಬಿಯಾಯಿತು.

“ಇದೆಂತ ಮಂತ್ರ ಮಾರಾಯ?” ಎಂದು ನನ್ನ ಹೆಂಡತಿ ಹಿಂದೆ ಸರಿದಳು.

“ಮಂತ್ರ ಅಲ್ಲ ಅತ್ತಿಗೆ. ನೀರಿನಲ್ಲಿ ಎಂತ ಉಂಟು ಅಂತ ನೀರೇ ಹೇಳುವುದು.”

“ನಮ್ಮ ಹಾಲಿನವನ ಹಾಲಿಗೂ ಒಂದು ಹನಿ ಬಿಡು ಹಾಗಾದ್ರೆ,” ಎಂದಳು. ಮೂವರೂ ನಕ್ಕೆವು. ಆ ಲೋಟವನ್ನು ನಾನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದೆ.

ಅವನು ಪಾಸಾದ. ನನಗೆ ತಿರುವನಂತಪುರಕ್ಕೆ ವರ್ಗವಾಯಿತು, ಅವನೂ ನಮ್ಮೊಟ್ಟಿಗೆ ಬಂದ. ಆಮೇಲಿನ ವರ್ಷಗಳ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಅರ್ಜಿ ಹಾಕುವುದು, ಇಂಟರ್‌ವ್ಯೂಗೆ ಹೋಗುವುದು, ಬಂದು ಮೂಲೆಯಲ್ಲಿ ಚಪ್ಪಲಿ ಬಿಡುವುದು. ಚಪ್ಪಲಿ ಬಿಡುವ ಸದ್ದಿನಿಂದಲೇ ನನ್ನ ಹೆಂಡತಿಗೆ ವಿಷಯ ತಿಳಿಯುತ್ತಿತ್ತು. ಇಂಟರ್‌ವ್ಯೂಗೆಂದೇ ಒಂದು ಬಿಳಿ ಶರ್ಟು ಇತ್ತು. ಬೇರೆ ದಿನ ಅವನು ಅದನ್ನು ಹಾಕುತ್ತಿರಲಿಲ್ಲ. ಅವಳು ಗಂಜಿ ಹಾಕಿ ಇಸ್ತ್ರಿ ಮಾಡಿ ಮಡಿಸಿಟ್ಟಿರುತ್ತಿದ್ದಳು. ಊರಿನಿಂದ ಬಂದವರು, “ತಮ್ಮ ಈಗ ಯಾವ ಆಫೀಸಿನಲ್ಲಿ?” ಎಂದು ಕೇಳಿದರೆ, “ಟ್ರೈನಿಂಗ್ ಆಗ್ತಾ ಉಂಟು,” ಎಂದು ನಾನು ಹೇಳುತ್ತಿದ್ದೆ. ಆ ಟ್ರೈನಿಂಗ್ ಎಪ್ಪತ್ತನೇ ಇಸವಿ ದಾಟಿದರೂ ಮುಗಿಯಲಿಲ್ಲ. ಸರ್ಕಾರಿ ಕೆಲಸಕ್ಕೆ ವಯಸ್ಸಿನ ಮಿತಿ ಇದೆ. ಮುಂದಿನ ಓಣಂ ಹೊತ್ತಿಗೆ ಅವನು ಅದನ್ನು ದಾಟುತ್ತಾನೆ ಎನ್ನುವ ಸ್ಥಿತಿ ಬಂತು.

ಆಗ ಬಂದದ್ದು ಈ ಸರ್ವೆ.

ವಿಶ್ವವಿದ್ಯಾಲಯಕ್ಕೂ ಸರ್ಕಾರಕ್ಕೂ ಒಂದು ಸಂಶಯ ಹುಟ್ಟಿತ್ತು. ವರ್ಷ ವರ್ಷ ಇಷ್ಟು ಮಂದಿ ಡಿಗ್ರಿ ಹಿಡಿದು ಹೊರಗೆ ಬರುತ್ತಾರಲ್ಲ, ಆ ಡಿಗ್ರಿ ಅವರನ್ನು ಕೆಲಸಕ್ಕೆ ತಯಾರು ಮಾಡಿದೆಯೇ? ಅವರನ್ನೇ ಕೇಳಿ ನೋಡೋಣ ಎಂದು ತೀರ್ಮಾನವಾಗಿ, ಆ ಕೆಲಸ ನಮ್ಮ ಕಚೇರಿಗೆ ಬಂತು. ಹಿಂದೆ ಪಾಸಾದವರ ಪಟ್ಟಿಯಿಂದ ಅಲ್ಲೊಂದು ಇಲ್ಲೊಂದು ಹೆಸರು ಹೆಕ್ಕಿ, ಅವರ ಮನೆಗೇ ಹೋಗಿ, ಅಚ್ಚುಹಾಕಿಸಿದ ಫಾರಂ ತುಂಬಿಸಿ ತರಬೇಕು. ಕಲಿತದ್ದು ಎಷ್ಟು ಉಪಯೋಗಕ್ಕೆ ಬಂತು, ಕೆಲಸ ಮಾಡುವ ಧೈರ್ಯ ಎಷ್ಟು ಬಂತು, ಇಂಥ ಪ್ರಶ್ನೆಗಳು. ಪ್ರತಿಯೊಂದರ ಮುಂದೆ ಚೌಕಗಳು: ಬಹಳ, ಸಾಧಾರಣ, ಸ್ವಲ್ಪ, ಇಲ್ಲ. ಕೇಳುವ ಕೆಲಸಕ್ಕೆ ಡಿಗ್ರಿ ಆದವರೇ ಬೇಕು, ಅದೂ ಸದ್ಯಕ್ಕೆ ಮಾತ್ರ. ಹಾಗೆ, ಕೆಲಸವಿಲ್ಲದ ಡಿಗ್ರಿಯವರನ್ನೇ ಹಿಡಿದು ಉಳಿದ ಡಿಗ್ರಿಯವರ ಮನೆಗೆ ಕಳಿಸಿದರು.

ನಮ್ಮ ಆಫೀಸರರು ಕೊಟ್ಟಾಯಂ ಕಡೆಯವರು, ಒಳ್ಳೆಯ ಮನುಷ್ಯ. ನಶ್ಯ ಏರಿಸಿಕೊಂಡು ಕರವಸ್ತ್ರ ಹುಡುಕುವ ನಡುವೆ ದೊಡ್ಡ ದೊಡ್ಡ ತೀರ್ಮಾನ ಹೇಳಿಬಿಡುತ್ತಿದ್ದರು. ತಮ್ಮನಿಗೆ ಮಲಯಾಳದಲ್ಲಿ ಹೇಳಿದರು: “ಎಡೋ, ಇದು ಟೆಂಪರರಿ. ಆದರೆ ಸರ್ವೆ ಮುಗಿದ ಮೇಲೆ ಇಲ್ಲಿ ಒಂದು ಕಾಯಂ ವಿಭಾಗ ಬರುತ್ತದೆ. ಚೆನ್ನಾಗಿ ಫಾರಂ ತಂದವರ ಹೆಸರು ನಾನೇ ಬರೆದು ಕಳಿಸುತ್ತೇನೆ. ನಿನ್ನ ವಯಸ್ಸು ಮೀರುವುದರೊಳಗೆ ಆದೀತು.” ಆಮೇಲೆ ನನ್ನ ಕಡೆ ನೋಡಿ, “ಡ್ರೈವರೇ, ಮನೆಯಲ್ಲಿ ತಮ್ಮ. ಜೀಪಿನಲ್ಲಿ ಸಾರ್,” ಎಂದು ನಕ್ಕರು.

“ಆಗಲಿ ಸಾರ್,” ಎಂದೆ. ಅವತ್ತು ಜೀಪನ್ನು ತೊಳೆದದ್ದು ಮದುವೆಗೆ ಹೊರಡುವ ಗಾಡಿಯನ್ನು ತೊಳೆದ ಹಾಗೆ.

ಬೆಳಿಗ್ಗೆ ಆಫೀಸಿನಿಂದ ಹೊರಟರೆ ಉಳಿದ ಹುಡುಗರನ್ನು ಒಬ್ಬೊಬ್ಬರನ್ನು ಒಂದೊಂದು ಕಡೆ ಇಳಿಸಿ, ಕೊನೆಗೆ ತಮ್ಮನ ಪಾಲಿಗೆ ಬಂದ ಮನೆಗಳೆದುರು ಜೀಪು ನಿಲ್ಲಿಸಿಕೊಂಡು ಕಾಯುವುದು ನನ್ನ ಕೆಲಸ. ಮನೆಯೆಂದರೆ ಒಂದು ಜಗಲಿ, ಜಗಲಿಗೆ ಎದುರಾಗಿ ಗೇಟು, ಗೇಟಿಗೆ ಎದುರಾಗಿ ನನ್ನ ಜೀಪು. ಮಾತೆಲ್ಲ ಕೇಳುತ್ತಿತ್ತು. ಅನೇಕ ಮನೆಗಳಲ್ಲಿ ನನ್ನನ್ನೂ ಮೆಟ್ಟಿಲ ಮೇಲೆ ಕೂರಿಸಿ ಚಾಯ ಕೊಡುತ್ತಿದ್ದರು.

ಆ ಮರ್ಯಾದೆ ಯಾಕೆಂದು ನನಗೆ ತಿಳಿಯಲು ತಡವಾಗಲಿಲ್ಲ. ಸರ್ಕಾರದ ಬೋರ್ಡು ಹಾಕಿದ ಜೀಪು ಬಂದು ಮನೆಯೆದುರು ನಿಲ್ಲುತ್ತದೆ. ಫೈಲು ಹಿಡಿದವನು ಇಳಿದು ಮಗನ ಹೆಸರು ಹಿಡಿದು ಕೇಳುತ್ತಾನೆ. ಯಾವ ಕ್ಲಾಸಿನಲ್ಲಿ ಪಾಸು, ಟೈಪಿಂಗ್ ಬರುತ್ತದೆಯೇ, ಹೊರರಾಜ್ಯಕ್ಕೆ ಹೋಗಲು ಒಪ್ಪಿಗೆಯೇ ಎಂದು ವಿಚಾರಿಸುತ್ತಾನೆ. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಪೋಸ್ಟ್‌ಮ್ಯಾನನ ದಾರಿ ಕಾದ ಮನೆ ಇದನ್ನು ಏನೆಂದು ತಿಳಿಯಬೇಕು? ಕೆಲಸವೇ ಜೀಪು ಹತ್ತಿ ಬಂದಿದೆ ಎಂದು ತಿಳಿಯುತ್ತಿತ್ತು. ಎಲ್ಲ ಮನೆಯಲ್ಲೂ ಹುಡುಗರು, “ಒಂದು ನಿಮಿಷ ಸಾರ್,” ಎಂದು ಒಳಗೆ ಹೋಗಿ ಬರುತ್ತಿದ್ದರು. ಬರುವಾಗ ಮೈಮೇಲೆ ಒಗೆದಿಟ್ಟ ಬಿಳಿ ಶರ್ಟು, ನೀರು ಹಚ್ಚಿ ಬಾಚಿದ ತಲೆ, ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಸರ್ಟಿಫಿಕೇಟು. ಆ ಶರ್ಟು ಎಂಥದೆಂದು ತಮ್ಮನಿಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ಉತ್ತರಗಳೂ ಹಾಗೆಯೇ. ಕಲಿತದ್ದು ಎಷ್ಟು ಉಪಯೋಗ? ಬಹಳ ಸಾರ್. ಡಿಗ್ರಿ ನಿಮ್ಮನ್ನು ಕೆಲಸಕ್ಕೆ ತಯಾರು ಮಾಡಿದೆಯೇ? ಬಹಳ ಸಾರ್, ಯಾವ ಕೆಲಸವಾದರೂ ಸರಿ. ಕಳಕ್ಕೂಟದಲ್ಲಿ ಅಪ್ಪನ ದಿನಸಿ ಅಂಗಡಿಯಲ್ಲಿ ಅಕ್ಕಿ ತೂಗುತ್ತಿದ್ದ ಬಿ.ಎ. ಇತಿಹಾಸದ ಒಬ್ಬ ಹುಡುಗ. ತಮ್ಮ ಅವನಿಗೆ, “ಇತಿಹಾಸ ಓದಿದ್ದು ಈಗಿನ ಕೆಲಸಕ್ಕೆ ಎಷ್ಟು ಸಹಾಯವಾಗಿದೆ?” ಎಂದು ಫಾರಮಿನಲ್ಲಿದ್ದ ಹಾಗೆಯೇ ಕೇಳಿದ.

“ಬಹಳ ಸಾರ್,” ಎಂದು ಅವನು ಎದ್ದು ನಿಂತ.

ಅಕ್ಕಿಗೆ ಚೀಲ ಹಿಡಿದು ನಿಂತಿದ್ದ ಹೆಂಗಸು ಬಿಡಲಿಲ್ಲ. “ಸತ್ಯ ಸಾರೇ. ಇವನ ತಕ್ಕಡಿಯೂ ರಾಜರ ಕಾಲದ್ದೇ. ಈಗಿನ ಕಿಲೋ ಅದಕ್ಕೆ ಗೊತ್ತಿಲ್ಲ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹುಡುಗ ನಗಲಿಲ್ಲ. ಇಂಟರ್‌ವ್ಯೂನಲ್ಲಿ ನಗಬಾರದಲ್ಲ.

ಕೆಲಸ ಇದ್ದವರದ್ದು ಇನ್ನೊಂದು ಬಗೆ. ಒಂದು ಬ್ಯಾಂಕಿನ ಗುಮಾಸ್ತ, ನಮ್ಮ ಕನ್ನಡದವನೇ, ಮೈಸೂರಿನ ಕಡೆಯವನು, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, “ಏನ್ ಸ್ವಾಮಿ ಇದು, ಜನಾನ ಕಮ್ಮಿ ಮಾಡ್ತಾರಂತಾ?” ಎಂದು ವಿಚಾರಿಸಿದ. ಇಲ್ಲ ಎಂದರೂ ನಂಬದೆ ಹೋಗಿ ಎಲ್ಲ ಪ್ರಶ್ನೆಗೂ ಬಹಳ ಎಂದು ಬರೆಸಿದ. ಕೆಲಸ ಇಲ್ಲದವರು ಆಸೆಯಿಂದ, ಇದ್ದವರು ಹೆದರಿಕೆಯಿಂದ, ಎಲ್ಲರೂ ಒಂದೇ ಚೌಕಕ್ಕೆ ಬಂದು ನಿಲ್ಲುತ್ತಿದ್ದರು. ಸಂಜೆ ಆಫೀಸರರು ಫಾರಮುಗಳನ್ನು ತಿರುವಿ, “ನೋಡಿದಿರಾ? ಸುಮ್ಮನೆ ಪೇಪರಿನವರು ನಮ್ಮ ವಿದ್ಯಾಭ್ಯಾಸ ಹಾಳಾಯಿತು ಅನ್ನುತ್ತಾರೆ,” ಎಂದು ನಶ್ಯದ ಡಬ್ಬಿ ತಟ್ಟುತ್ತಿದ್ದರು.

ತಮ್ಮ ಊಟ ಕಡಿಮೆ ಮಾಡಿದ. ಯಾಕೆಂದು ನಾನು ಕೇಳಲಿಲ್ಲ. ತಿರುವನಂತಪುರದ ಮನೆಗಳು ಮುಗಿದು ಕೊಚ್ಚಿಯ ಕಡೆಗೆ ಹೊರಟ ದಿನ, ಉಳಿದ ಹುಡುಗರು ಟ್ರಾನ್ಸ್‌ಪೋರ್ಟ್ ಬಸ್ಸಿನಲ್ಲಿ ಮುಂದೆ ಹೋಗಿದ್ದರು. ಜೀಪಿನಲ್ಲಿ ನಾವಿಬ್ಬರೇ. ಆಲಪ್ಪುಳದಲ್ಲಿ ಕಾಲುವೆಯ ಬದಿಯ ಒಂದು ಚಾಯದ ಅಂಗಡಿಯ ಹತ್ತಿರ ನಿಲ್ಲಿಸಿದೆ. ನೀರಿನಿಂದ ತೆಂಗಿನ ಸಿಪ್ಪೆ ಕೊಳೆತ ವಾಸನೆ ಬರುತ್ತಿತ್ತು.

“ಅಣ್ಣ, ಇವರು ಯಾರೂ ನನಗೆ ಉತ್ತರ ಕೊಡುವುದಲ್ಲ. ಇಂಟರ್‌ವ್ಯೂ ಕೊಡುವುದು.”

“ಕೊಡಲಿ ಮಾರಾಯ. ನಿನಗೆ ಫಾರಂ ತುಂಬಿದರೆ ಆಯ್ತಲ್ಲ.”

“ಇಂಟರ್‌ವ್ಯೂನಲ್ಲಿ ಯಾರಾದ್ರೂ ನಾನು ಎಂತದೂ ಕಲೀಲಿಲ್ಲ ಅಂತ ಹೇಳ್ತಾರಾ? ತೊಳೆಯದ ಟೆಸ್ಟ್ ಟ್ಯೂಬಿನಲ್ಲಿ ಪರೀಕ್ಷೆ ಮಾಡಿದ ಹಾಗೆ. ಎಂತ ಹಾಕಿದರೂ ಹಿಂದಿನದ್ದರ ಬಣ್ಣವೇ ಬರ್ತದೆ.”

“ಕೆಲಸ ಕೊಡ್ತೇನೆ ಅಂತ ನೀನು ಹೇಳಿದ್ಯಾ?”

“ಇಲ್ಲ.”

“ಮತ್ತೆ? ಅವರಷ್ಟಕ್ಕೆ ಎಣಿಸಿಕೊಂಡರೆ ನೀನೆಂತ ಮಾಡ್ಲಿಕ್ಕಾಗ್ತದೆ?”

“ಎಣಿಸಿಕೊಂಡಿದ್ದಾರೆ ಅಂತ ನನಗೆ ಗೊತ್ತುಂಟಲ್ಲ.”

ನನಗೆ ಸಿಟ್ಟು ಬಂತು. “ಓಣಂ ಬಂದರೆ ನಿನ್ನ ವಯಸ್ಸು ಮುಗೀತದೆ. ಅದು ಗೊತ್ತುಂಟಾ? ಊರಲ್ಲಿ ಎಲ್ಲರಿಗೂ ನಾನು ಹೇಳಿ ಆಗಿದೆ. ಬಾಯಿ ಮುಚ್ಚಿಕೊಂಡು ಕೇಳಿದ್ದನ್ನು ಬರಿ. ಇದೊಂದು ಸಲ.”

ಅವನು ಗ್ಲಾಸಿನ ತಳದಲ್ಲಿ ಉಳಿದ ಚಾಯವನ್ನು ಕಾಲುವೆಗೆ ಚೆಲ್ಲಿದ. “ಆಯ್ತು, ಹೋಗುವ,” ಎಂದ.

ತ್ರಿಪ್ಪುಣಿತ್ತುರದಲ್ಲಿ ನಾವು ಹಿಂದೆ ಇದ್ದ ಬೀದಿಯನ್ನು ದಾಟಿ ಹೋದರೆ ಹಳೆಯ ಹಂಚಿನ ಮನೆ. ಪಟ್ಟಿಯಲ್ಲಿದ್ದದ್ದು ಆ ಮನೆಯ ಹುಡುಗಿ, ಬಿ.ಎಸ್ಸಿ., ಸಸ್ಯಶಾಸ್ತ್ರ, ತಮ್ಮ ಪಾಸಾದ ವರ್ಷವೇ ಪಾಸಾದವಳು. ಅವಳ ತಂದೆ ರಿಟೈರಾದ ಶಾಲಾಮಾಸ್ತರು; ಬೀದಿಯವರೆಲ್ಲ ಮಾಷ್ ಎಂದು ಕರೆಯುವವರು. ಜೀಪು ಕಂಡ ಕೂಡಲೇ ಮಾಷ್ ಉಟ್ಟ ಮುಂಡಿನ ಅಂಚು ಸರಿಮಾಡಿಕೊಂಡು ಗೇಟಿನವರೆಗೆ ಓಡಿ ಬಂದರು. ಹುಡುಗಿ ಗಂಜಿ ಹಾಕಿದ ಸೀರೆ ಉಟ್ಟು, ಚಂದನದ ಬೊಟ್ಟು ಇಟ್ಟು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಚಾಯ ಬಂತು, ಬಾಳೆಹಣ್ಣು ಕರಿದ ಬಿಸಿ ಬಿಸಿ ಪಳಂಪೊರಿ ಬಂತು. ಪ್ರಶ್ನೆಗಳು ಶುರುವಾದವು, ಬಹಳ ಬಹಳ ಎಂದು ಅವಳು ಹೇಳುತ್ತ ಹೋದಳು.

ಮಾಷ್ ಮೆಟ್ಟಿಲಿನಲ್ಲಿ ನನ್ನ ಪಕ್ಕ ಬಂದು ಕೂತರು. “ಡ್ರೈವರ್ ಸಾರೇ, ಪೋಸ್ಟಿಂಗ್ ಎಲ್ಲಿ ಆದೀತು? ಹತ್ತಿರ ಆದರೆ ಒಳ್ಳೆಯದಿತ್ತು. ಅವಳಿಗೆ ಬಸ್ಸಿನಲ್ಲಿ ತಲೆಸುತ್ತು ಬರುತ್ತದೆ.”

“ನನಗೆ ಅದೆಲ್ಲ ಗೊತ್ತಾಗುವುದಿಲ್ಲ ಮಾಷೇ,” ಎಂದೆ.

“ಕಾಕ್ಕನಾಡಿನಂಥ ಗುಡ್ಡೆಗೆ ಹಾಕಿದರೂ ಪರವಾಗಿಲ್ಲ. ನಾನೇ ಬೆಳಿಗ್ಗೆ ಬಿಟ್ಟು ಬರುತ್ತೇನೆ, ಸಂಜೆ ಕರೆದುಕೊಂಡು ಬರುತ್ತೇನೆ. ಅಭ್ಯಾಸ ಆಗುವವರೆಗೆ. ನೀವು ಆ ಸಾರ್ ಹತ್ತಿರ ಒಂದು ಮಾತು ಹೇಳಬೇಕು.”

ಜಗಲಿಯಲ್ಲಿ ಪೆನ್ನಿನ ಮುಚ್ಚಳ ಹಾಕಿದ ಸದ್ದು ಕೇಳಿಸಿತು. ತಿರುಗಿ ನೋಡಿದೆ. ತಮ್ಮ ಫಾರಮನ್ನು ಮಡಿಲಲ್ಲಿಟ್ಟುಕೊಂಡಿದ್ದ.

“ಮಾಷೇ,” ಎಂದ ಅವನು, “ಇದು ಕೆಲಸಕ್ಕೆ ಅಲ್ಲ. ಇದರಿಂದ ಯಾರಿಗೂ ಪೋಸ್ಟಿಂಗ್ ಇಲ್ಲ. ಡಿಗ್ರಿ ಪ್ರಯೋಜನವಾಯಿತೇ ಇಲ್ಲವೇ ಎಂದು ಯೂನಿವರ್ಸಿಟಿಗೆ ತಿಳಿಯಬೇಕು, ಅಷ್ಟಕ್ಕೆ ಕೇಳುವುದು. ನಾನೂ ನಿಮ್ಮ ಮಗಳ ಹಾಗೆಯೇ. ಇದು ಮುಗಿದರೆ ನನಗೂ ಕೆಲಸ ಇಲ್ಲ.”

ಮಾಷ್ ಮೊದಲು ತಮ್ಮನನ್ನು, ಆಮೇಲೆ ನನ್ನನ್ನು, ಆಮೇಲೆ ಗೇಟಿನ ಹೊರಗೆ ನೋಡಿದರು.

“ಕೆಲಸ ಇಲ್ಲದಿದ್ದರೆ ಮತ್ತೆ ಜೀಪು ಯಾಕೆ?” ಎಂದು ಕೇಳಿದರು.

ಅವರು ಎದ್ದು, ಮೇಜಿನ ಮೇಲಿದ್ದ ಸರ್ಟಿಫಿಕೇಟುಗಳನ್ನು ಮೊದಲಿನ ಹಾಗೆಯೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು ಒಳಗೆ ಹೋದರು. ಹುಡುಗಿ ಮಾತ್ರ ಹೋಗಲಿಲ್ಲ. ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದು ಒರಗಿ ಕೂತಳು.

“ಮೊದಲು ಹೇಳಿದ್ದನ್ನೆಲ್ಲ ಹೊಡೆದು ಹಾಕಿ ಸಾರ್. ಈಗ ಬರೆಯಿರಿ. ನಾನು ಕಲಿತದ್ದು ಗಿಡಗಳ ಲ್ಯಾಟಿನ್ ಹೆಸರು. ಮೈಕ್ರೋಸ್ಕೋಪಿಗೆ ಸರದಿ ಇತ್ತು. ನನ್ನ ಸರದಿ ಬರುವಾಗ ಗಂಟೆ ಬಾರಿಸುತ್ತಿತ್ತು. ರೆಕಾರ್ಡಿನಲ್ಲಿ ಚಿತ್ರ ಬರೆದದ್ದು ಹಿಂದಿನ ವರ್ಷದವರ ರೆಕಾರ್ಡು ನೋಡಿ. ಅವರು ಬರೆದದ್ದೂ ಹಾಗೆಯೇ ಇರಬೇಕು. ನೋಡದ ಎಲೆಗೆ ನಾನು ಬಹಳ ಚಂದ ಬಣ್ಣ ಹಾಕಿದ್ದೇನೆ.” ನಕ್ಕಳು. “ಇಲ್ಲ ಅಂತ ಬರೆಯಿರಿ. ಎಲ್ಲದಕ್ಕೂ ಇಲ್ಲ.”

ತಮ್ಮನೂ ನಕ್ಕ. ಸರ್ವೆ ಶುರುವಾದಮೇಲೆ ಅವನ ನಗು ನಾನು ಕೇಳಿದ್ದು ಆ ಒಂದು ಸಲ. ಅವಳು ಹೇಳಿದ್ದನ್ನೆಲ್ಲ ಫಾರಮಿನ ಬದಿಯಲ್ಲಿ ಜಾಗ ಇದ್ದಷ್ಟೂ ಬರೆದುಕೊಂಡ. ಹೊರಡುವಾಗ ಮಾಷ್ ಹೊರಗೆ ಬರಲಿಲ್ಲ.

ಅಲ್ಲಿಂದ ಮುಂದೆ ಅವನು ಪ್ರತಿ ಮನೆಯಲ್ಲೂ ಜಗಲಿ ಹತ್ತುವ ಮೊದಲೇ ಹೇಳಿಬಿಡುತ್ತಿದ್ದ, ಇದು ಕೆಲಸಕ್ಕಲ್ಲ ಎಂದು. ಕೆಲವರು ಅಲ್ಲಿಂದಲೇ ಬೀಳ್ಕೊಟ್ಟರು. ಕೆಲವರು ಅರ್ಧ ಹೇಳಿ ಎದ್ದು ಹೋದರು. ಒಬ್ಬ ತಾಯಿ, “ನಮ್ಮ ಹುಡುಗ ಈಗಷ್ಟೇ ಕೆಲಸದ ಚಿಂತೆ ಮರೆತು ಎರಡು ಹೊತ್ತು ಊಟ ಮಾಡುತ್ತಿದ್ದ, ಯಾಕಾದರೂ ಬಂದಿರಿ ಮೋನೇ?” ಎಂದು ಅತ್ತಳು. ನಿಂತು ಮಾತಾಡಿದವರು ಮಾತ್ರ ನಿಜ ಹೇಳಿದರು. ಆ ನಿಜ ‘ಸ್ವಲ್ಪ’ ಮತ್ತು ‘ಇಲ್ಲ’ದ ಚೌಕಗಳಲ್ಲಿ ಬಿತ್ತು. ಚಾಯ ನಿಂತಿತು. ನಾನು ಜೀಪಿನಲ್ಲೇ ಕೂರುವುದಾಯಿತು. ಸಿಟ್ಟಿನಲ್ಲಿ ಎರಡು ದಿನ ಅವನೊಟ್ಟಿಗೆ ಮಾತು ಬಿಟ್ಟೆ. ‘ಸಾರ್’ ಎನ್ನುವುದನ್ನು ಮಾತ್ರ ಬಿಡಲಿಲ್ಲ.

ತಿರುವನಂತಪುರಕ್ಕೆ ಮರಳಿದ ಮೇಲೆ ಆಫೀಸರರು ಅವನ ಫಾರಮುಗಳನ್ನು ಮೇಜಿನ ಮೇಲೆ ಬೇರೆ ಇಟ್ಟರು. ನಾನು ಗಾಡಿಯ ಬುಕ್ಕಿಗೆ ಸಹಿ ಹಾಕಿಸಲು ನಿಂತಿದ್ದೆ.

“ಎಡೋ, ಎಲ್ಲರೂ ಬಹಳ ತರುತ್ತಾರೆ. ನೀನು ಮಾತ್ರ ಇಲ್ಲ ತರುತ್ತೀಯ. ನಿನ್ನ ಮನೆಗಳಿಗೆ ಮಾತ್ರ ಬೇರೆ ಯೂನಿವರ್ಸಿಟಿಯಾ?”

“ಅವರಿಗೆ ಇದು ಕೆಲಸಕ್ಕಲ್ಲ ಎಂದು ಹೇಳಿ ಕೇಳಿದ್ದು ಸಾರ್. ಹೇಳದೆ ಕೇಳಿದರೆ ಇಂಟರ್‌ವ್ಯೂ ಎಂದು ತಿಳಿಯುತ್ತಾರೆ.”

“ಅದನ್ನು ಹೇಳು ಎಂದು ಎಲ್ಲಿ ಬರೆದಿದೆ? ಮೇಲಿನವರು ಕೇಳಿದರೆ ನಾನು ಏನು ಹೇಳಲಿ? ನೀನು ಲಾಡ್ಜಿನಲ್ಲಿ ಕೂತು ತುಂಬಿಸಿದ್ದು ಎನ್ನುತ್ತಾರೆ.”

ತಮ್ಮನ ಕಿವಿ ಕೆಂಪಾಯಿತು. “ಬೇರೆ ಯಾರನ್ನಾದರೂ ಕಳಿಸಿ ನೋಡಿ ಸಾರ್. ಅದೇ ಮನೆಗಳಿಗೆ.”

ಅವನೇ ಹೇಳಿದ್ದು. ಆಫೀಸರರು ಒಪ್ಪಿದರು. ಇನ್ನೊಬ್ಬ ಹುಡುಗನನ್ನು ಕರೆದುಕೊಂಡು, ಮುಂದಿನ ಸೀಟಿನಲ್ಲಿ ಅವರೇ ಕೂತು, ಮತ್ತೆ ಕೊಚ್ಚಿಗೆ ಹೊರಟರು. ಗಾಡಿ ನನ್ನದೇ. ತಮ್ಮನಿಗೆ ಆಫೀಸಿನಲ್ಲಿ ಕೂರಲು ಹೇಳಿದ್ದರು. ದಾರಿಯುದ್ದಕ್ಕೂ ನಾನು ಎಣಿಸಿದ್ದು ಆ ಹುಡುಗಿಯನ್ನು. ಅವಳೊಬ್ಬಳು ಅವತ್ತಿನ ‘ಇಲ್ಲ’ವನ್ನೇ ಮತ್ತೆ ಹೇಳಿದರೆ ಸಾಕಿತ್ತು. ತಮ್ಮ ಸುಳ್ಳುಗಾರನಲ್ಲ ಎಂದಾಗುತ್ತಿತ್ತು, ಅವನ ಹೆಸರು ಕಾಯಂ ಕೆಲಸಕ್ಕೆ ಮೇಲೆ ಹೋಗುತ್ತಿತ್ತು.

ಜೀಪು ಹಂಚಿನ ಮನೆಯ ಮುಂದೆ ನಿಂತಿತು. ಮಾಷ್ ಗೇಟು ತೆರೆದು ಹೊರಗೇ ಬಂದುಬಿಟ್ಟರು. ಮುಖ ಬೆಳಗಿತ್ತು. ನನ್ನ ಕಿಟಕಿಯ ಹತ್ತಿರ ಬಗ್ಗಿ ಮೆಲ್ಲನೆ, “ನನಗೆ ಗೊತ್ತಿತ್ತು ಡ್ರೈವರ್ ಸಾರೇ. ಮೊದಲು ಬಂದವರು ಪರೀಕ್ಷೆ ಮಾಡಿದ್ದು. ಕೆಲಸ ಇಲ್ಲ ಎಂದರೆ ಹುಡುಗಿ ಹೇಗೆ ನಡೆದುಕೊಳ್ಳುತ್ತಾಳೆ ಎಂದು ನೋಡಿದ್ದು. ಈಗ ದೊಡ್ಡವರೇ ಬಂದರಲ್ಲ,” ಎಂದರು. ಆಫೀಸರರಿಗೆ ಎರಡೂ ಕೈ ಮುಗಿದು, “ಮೋಳೇ,” ಎಂದು ಒಳಗೆ ಮಗಳನ್ನು ಕೂಗಿದರು.

ಅವಳು ಅದೇ ಸೀರೆಯಲ್ಲಿ ಬಂದಳು. ಬಾಗಿಲಿನಲ್ಲಿ ನಿಂತು, ಜಗಲಿಯಲ್ಲಿ ಕೂತವರನ್ನು ದಾಟಿ, ನೇರ ನನ್ನ ಕಡೆ ನೋಡಿದಳು. ಈ ಸಲ ನಿಜವೇ ಎಂದು ಕೇಳಿದ ಹಾಗಿತ್ತು. ಆಫೀಸರರ ಬೆನ್ನು ನನ್ನ ಕಡೆ ಇತ್ತು. ಅಲ್ಲ ಎಂದು ತಲೆ ಆಡಿಸಿದೆ. ಅವಳಿಗೆ ಕಂಡಿತು, ನನಗೆ ಸಂಶಯವಿಲ್ಲ. ಒಂದು ಸಲ ಕಣ್ಣು ಮುಚ್ಚಿ ತೆರೆದಳು. ಮಾಷ್ ಅವಳ ಕುರ್ಚಿಯ ಹಿಂದೆ, ಕುರ್ಚಿಯ ಬೆನ್ನಿಗೆ ಕೈ ಇಟ್ಟುಕೊಂಡು ನಿಂತಿದ್ದರು.

“ಡಿಗ್ರಿಯಲ್ಲಿ ಕಲಿತದ್ದು ಎಷ್ಟು ಉಪಯೋಗ?” ಎಂದು ಹೊಸ ಹುಡುಗ ಕೇಳಿದ.

“ಬಹಳ,” ಎಂದಳು.

ಉಳಿದ ಮನೆಗಳ ಕಥೆ ಬೇರೆಯಲ್ಲ. ಮತ್ತೆ ಬಂದ ಜೀಪು ಮೊದಲು ಬಂದ ಜೀಪಿಗಿಂತ ದೊಡ್ಡ ಆಸೆ ಹುಟ್ಟಿಸಿತ್ತು. ಮರಳಿ ಬರುವಾಗ, ಆಫೀಸರರು ಚೇರ್ತಲ ದಾಟಿದ ಮೇಲೆ ಬಾಯಿ ತೆರೆದರು. “ಡ್ರೈವರೇ, ಬೇಜಾರು ಮಾಡಿಕೊಳ್ಳಬೇಡ. ಅವನು ಕೂತಲ್ಲೇ ಬರೆದದ್ದು ಎಂದು ನಾನು ಹೇಳುವುದಿಲ್ಲ.”

ನಾನು ಯಾರ ಹತ್ತಿರವೂ ಏನೂ ಕೇಳಿದವನಲ್ಲ. ಅವತ್ತು ಕೇಳಿದೆ. “ಸಾರ್, ಎರಡು ಸಲವೂ ನಾನು ಅಲ್ಲೇ ಇದ್ದೆ. ಅವಳು ಮೊದಲ ಸಲ ಇಲ್ಲ ಎಂದದ್ದೇ ಸತ್ಯ. ಅವನ ಹೆಸರು ಕಳಿಸಬೇಕು.”

ಅವರು ನಶ್ಯದ ಡಬ್ಬಿ ತೆರೆದರು, ಏರಿಸದೆ ಮುಚ್ಚಿದರು. “ಇರಬಹುದು. ನನ್ನ ಮಗನೂ ಬಿ.ಎ. ಮುಗಿಸಿ ಮನೆಯಲ್ಲಿದ್ದಾನೆ, ನನಗೆ ತಿಳಿಯದ್ದಲ್ಲ. ಆದರೆ ಒಬ್ಬನ ಫಾರಂ ಒಂದು ದಾರಿ, ಉಳಿದವರದ್ದೆಲ್ಲ ಇನ್ನೊಂದು ದಾರಿ ಹೋದರೆ, ಆ ಒಬ್ಬನದ್ದನ್ನು ತೆಗೆದಿಡು ಎನ್ನುತ್ತಾರೆ. ತೆಗೆದಿಟ್ಟ ಫಾರಮಿನವನನ್ನು ಕಾಯಂ ಮಾಡು ಎಂದು ನಾನು ಹೇಗೆ ಬರೆಯಲಿ?”

ಮನೆಗೆ ಬಂದು ತಮ್ಮನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ. “ಆ ಹುಡುಗಿಯೂ ಬಹಳ ಅಂದಳಾ?”

“ಮಾಷ್ ಹಿಂದೆ ನಿಂತಿದ್ದರು,” ಎಂದೆ.

“ಹಾಗಾದ್ರೆ ಸರಿ,” ಎಂದ. ನನ್ನ ಹೆಂಡತಿ ಬಡಿಸಿದ್ದನ್ನು ಪೂರ್ತಿ ಉಂಡ.

ಇಡವಪ್ಪಾತಿ ಎನ್ನುವ ಮುಂಗಾರು ಮಳೆ ಹಿಡಿದ ವಾರ ಸರ್ವೆ ಮುಗಿಯಿತು. ಕೊನೆಯ ಸಂಜೆ ಹುಡುಗರೆಲ್ಲ ಬ್ಯಾಗು, ಪೆನ್ಸಿಲು ಒಪ್ಪಿಸಿ ಸಹಿ ಹಾಕಿದರು. ಸಹಿ ಹಾಕಿದ ಮೇಲೆ ಅವರು ಹೊರಗಿನವರು, ಆಫೀಸಿನ ಜೀಪಿನಲ್ಲಿ ಕೂರುವ ಹಾಗಿಲ್ಲ. ನಾನು ಆ ನಿಯಮವನ್ನು ಯಾರಿಗೂ ಸಡಿಲ ಮಾಡಿದವನಲ್ಲ. ಅವನಿಗೂ ಗೊತ್ತಿತ್ತು, ಕೊಡೆ ಬಿಚ್ಚಿ ಮೊದಲೇ ಹೊರಟಿದ್ದ. ಪಾಳಯಂ ಬೀದಿಯ ಇಳಿಜಾರಿನಲ್ಲಿ ಅವನು ನಡೆದು ಹೋಗುತ್ತಿದ್ದುದು ವೈಪರಿನ ಸಂದಿಯಲ್ಲಿ ಕಂಡಿತು. ಬಿಳಿ ಶರ್ಟು ಹಾಕಿದ್ದ, ಬೆನ್ನು ನೆನೆದಿತ್ತು. ಪಕ್ಕಕ್ಕೆ ಬಂದಾಗ ಗಾಡಿ ನಿಧಾನ ಮಾಡಿದೆ. ಅವನು ನೋಡಿ, ನೀನು ಹೋಗು ಎಂದು ಕೈ ಮಾಡಿದ. ನಾನು ಹೋದೆ. ಷೆಡ್ಡಿನಲ್ಲಿ ಜೀಪು ನಿಲ್ಲಿಸಿ ಮನೆ ಸೇರುವಾಗ ಅವನ ಚಪ್ಪಲಿ ಇನ್ನೂ ಮೂಲೆಗೆ ಬಂದಿರಲಿಲ್ಲ.

ಓಣಂ ಬಂತು, ಹೋಯಿತು. ಕಾಯಂ ವಿಭಾಗವೂ ಆಯಿತು, ಬೇರೆ ಹುಡುಗರು ಸೇರಿದರು. ಸರ್ವೆಯ ವರದಿ ಅಚ್ಚಾಗಿ ಬಂದಾಗ ಕಟ್ಟುಗಳನ್ನು ಸೆಕ್ರೆಟೇರಿಯಟ್ಟಿಗೆ ಸಾಗಿಸಿದವನು ನಾನೇ. ನಮ್ಮ ಡಿಗ್ರಿ ಕೆಲಸಕ್ಕೆ ಚೆನ್ನಾಗಿಯೇ ತಯಾರು ಮಾಡುತ್ತದೆ ಎಂದು ಅದರಲ್ಲಿ ಇದೆಯೆಂದು ಆಫೀಸರರು ಹೇಳಿದರು. ಅದನ್ನು ಹೇಳುವಾಗ ಅವರು ನಗಲೂ ಇಲ್ಲ, ನಶ್ಯ ಏರಿಸಲೂ ಇಲ್ಲ.

ತಮ್ಮ ಒಂದು ಪ್ಯಾರಲಲ್ ಕಾಲೇಜಿಗೆ ಸೇರಿದ. ಆ ಊರಿನಲ್ಲಿ ಅಂಥವು ಬೀದಿಗೊಂದು ಇದ್ದವು. ಕಾಲೇಜಿನಲ್ಲಿ ಸೀಟು ಸಿಗದವರಿಗೂ ಫೇಲಾದವರಿಗೂ ಡಿಗ್ರಿ ಪರೀಕ್ಷೆಗೆ ಪಾಠ ಹೇಳುವ ತೆಂಗಿನ ಮಡಲಿನ ಷೆಡ್ಡುಗಳು. ನಡುವೆ ಚಾಪೆಯ ಗೋಡೆ. ಒಂದು ಕಡೆಯ ಪಾಠ ಇನ್ನೊಂದು ಕಡೆಗೆ ಕೇಳುತ್ತದೆ. ಅವನು ಅಲ್ಲಿ ರಸಾಯನಶಾಸ್ತ್ರ ಹೇಳಿಕೊಡುವುದು. ವಯಸ್ಸಿನ ಮಿತಿ ಅಲ್ಲಿಲ್ಲ.

ಒಂದು ಮಧ್ಯಾಹ್ನ ತಂಪಾನೂರಿನ ಕಡೆ ಫೈಲು ಕೊಟ್ಟು ಬರುವಾಗ ಆ ಷೆಡ್ಡಿನ ಹತ್ತಿರ ಗಾಡಿ ನಿಲ್ಲಿಸಿದೆ. ಇಳಿಯಲಿಲ್ಲ. ಚಾಪೆಯ ಆಚೆ ಯಾರೋ ಇಂಗ್ಲಿಷ್ ಪದ್ಯ ಓದುತ್ತಿದ್ದರು, ಈಚೆ ಅವನ ದನಿ. ಮೇಜಿನ ಮೇಲೆ ಸೀಸೆ ಇಲ್ಲ, ಲೋಟ ಇಲ್ಲ, ಸುಣ್ಣ ಇಲ್ಲ, ಸೀಮೆಸುಣ್ಣ ಮಾತ್ರ. ಬೆಂಚಿನ ತುಂಬ ಹುಡುಗ ಹುಡುಗಿಯರು ತಲೆ ತಗ್ಗಿಸಿ ಬರೆಯುತ್ತಿದ್ದರು.

“ಸಾರೇ, ಅದು ಯಾವ ಬಣ್ಣಕ್ಕೆ ತಿರುಗುತ್ತದೆ?” ಎಂದು ಒಬ್ಬ ಕೇಳಿದ.

“ಗುಲಾಬಿ,” ಎಂದ ನನ್ನ ತಮ್ಮ. “ಗುಲಾಬಿ ಬಣ್ಣ ಕಂಡುಬಂತು ಎಂದು ಬರೆಯಿರಿ.”

ಎಲ್ಲರೂ ಬರೆದುಕೊಂಡರು. ನಾನು ಗಾಡಿ ಸ್ಟಾರ್ಟ್ ಮಾಡಿದೆ.